ತಪ್ಪು ಅನುವಾದದಿಂದ ಹುಟ್ಟಿದ ಹಿಮಮಾನವ

ನಮ್ಮ ಶಾಲೆಯ ಕೈಬರಹದ ಪತ್ರಿಕೆಗೆಂದು ಒಂಬತ್ತನೆಯ ತರಗತಿಯ ಹುಡುಗನೊಬ್ಬ ಈಚೆಗೆ ಒಂದು ವೈಜ್ಞಾನಿಕ ಕಥೆಯನ್ನು ಬರೆದು ತಂದ. ಮುಂದಿನ ಶತಮಾನದ ಕಥೆ. ಎಲ್ಲಿಯೋ ದೂರದ ಹಿಮಗ್ರಹದಲ್ಲಿ ಸಾಹಸ ಕ್ರೀಡೆಯವರದೇ ಒಂದು ವಸಾಹತು. ಶಿಖರಗಳನ್ನು ಏರುವುದು, ಅಲ್ಲಿಂದ ಕೆಳಕ್ಕೆ ಧುಮುಕುವುದು, ಇದೇ ಅವರ ದಿನಚರಿ. ಒಂದು ಬೆಳಗ್ಗೆ ನೋಡಿದರೆ ಹಿಮದ ಮೇಲೆ ಭಾರೀ ಗಾತ್ರದ ಹೆಜ್ಜೆಗಳು! ರಾಕ್ಷಸನಿದ್ದಾನೆಂಬ ಸುದ್ದಿ ಊರೆಲ್ಲ ಹಬ್ಬುತ್ತದೆ. ಕಥಾನಾಯಕ ಲೇಸರ್ ಬಂದೂಕು ಹಿಡಿದು ಹೊರಡುತ್ತಾನೆ.

ಕಥೆ ಚೆನ್ನಾಗಿಯೇ ಇತ್ತು. ಆದರೂ ನಾವು ಒಂದು ಪ್ರಶ್ನೆ ಕೇಳಿದೆವು: "ರಾಕ್ಷಸನಿದ್ದಾನೆ ಅಂತ ಮೊದಲು ಹೇಳಿದವರು ಯಾರೋ?"

"ಎಲ್ಲರೂ ಹೇಳ್ತಾರೆ ಮಾಷ್ಟ್ರೆ."

"ಎಲ್ಲರೂ ಹೇಳುವ ಮೊದಲು ಒಬ್ಬ ಹೇಳಿರಬೇಕಲ್ಲ, ಅವನು ಯಾರು? ಯಾವ ಭಾಷೆಯಲ್ಲಿ ಹೇಳಿದ?"

ಹುಡುಗ ತಲೆ ಕೆರೆದುಕೊಂಡ. ಅವನಿಗೆ ಉತ್ತರ ಹೊಳೆಯದಿದ್ದುದರಲ್ಲಿ ಆಶ್ಚರ್ಯವಿಲ್ಲ. ಇದೇ ಪ್ರಶ್ನೆಯನ್ನು ಕೇಳದೆ ದೊಡ್ಡ ದೊಡ್ಡವರೇ ದಶಕಗಳ ಕಾಲ ಹಿಮಾಲಯದಲ್ಲಿ ಅಲೆದಾಡಿದ್ದಾರೆ. ಆ ಹುಡುಗ ಕಲ್ಪಿಸಿದ ವಸಾಹತು ಬೇರೆ ಗ್ರಹದಲ್ಲಿ ಇರಬೇಕಾಗಿಲ್ಲ. ಎವರೆಸ್ಟಿನ ಬುಡದಲ್ಲಿ, ಸುಮಾರು 17,600 ಅಡಿ ಎತ್ತರದಲ್ಲಿ, ಪ್ರತಿ ವಸಂತದಲ್ಲಿಯೂ ಪರ್ವತಾರೋಹಿಗಳ ಡೇರೆಗಳ ಊರೊಂದು ಎದ್ದು ನಿಲ್ಲುತ್ತದೆ. ಆ ಸೀಮೆಯ ರಾಕ್ಷಸನ ಹೆಸರನ್ನು ನಮ್ಮ ಓದುಗರೆಲ್ಲರೂ ಕೇಳಿಯೇ ಇದ್ದಾರೆ: ಯೇತಿ, ಅಥವಾ ಹಿಮಮಾನವ.

ಹೆಸರು ಹುಟ್ಟಿದ ಬಗೆ

1921ರಲ್ಲಿ ಎವರೆಸ್ಟಿನ ದಾರಿ ಹುಡುಕಲು ಬ್ರಿಟಿಷರ ಮೊದಲ ತಂಡ ಟಿಬೆಟಿನ ಕಡೆಯಿಂದ ಹೊರಟಿತು. ಮುಖಂಡರು ಕರ್ನಲ್ ಹೊವಾರ್ಡ್ ಬರಿ. ಆ ಸಪ್ಟೆಂಬರಿನಲ್ಲಿ 20,000 ಅಡಿಗೂ ಮೇಲೆ ಹಿಮದಲ್ಲಿ ಮನುಷ್ಯನ ಹೆಜ್ಜೆಯನ್ನು ಹೋಲುವ ಗುರುತುಗಳು ಕಂಡವು. ಅವು ತೋಳದ ಹೆಜ್ಜೆಗಳಿರಬೇಕು, ಮೆತ್ತನೆಯ ಹಿಮದಲ್ಲಿ ಒಂದರ ಮೇಲೊಂದು ಬಿದ್ದು ದೊಡ್ಡದಾಗಿ ಕಾಣುತ್ತಿವೆ ಎಂಬುದು ಬರಿಯವರ ಅಭಿಪ್ರಾಯವಾಗಿತ್ತು. ಜತೆಗಿದ್ದ ಹೊರೆಯಾಳುಗಳು ಮಾತ್ರ ತಮ್ಮ ಮಾತಿನಲ್ಲಿ ಬೇರೊಂದು ಹೆಸರು ಹೇಳಿದರು. ಕೇಳಿಸಿಕೊಂಡವರು ಅದನ್ನು 'ಮೆಟೊ ಕಾಂಗ್‌ಮಿ' ಎಂದು ಬರೆದುಕೊಂಡರು.

ತಂಡ ಹಿಂದಿರುಗಿದಾಗ ಕಲ್ಕತ್ತೆಯ 'ಸ್ಟೇಟ್ಸ್‌ಮನ್' ಪತ್ರಿಕೆಗೆ ಬರೆಯುತ್ತಿದ್ದ ಹೆನ್ರಿ ನ್ಯೂಮನ್ ಎಂಬವರು ಡಾರ್ಜಿಲಿಂಗಿನಲ್ಲಿ ಆ ಹೊರೆಯಾಳುಗಳನ್ನು ಮಾತನಾಡಿಸಿದರು. 'ಕಾಂಗ್‌ಮಿ' ಎಂದರೆ ಹಿಮದ ಮನುಷ್ಯ, ಇದು ಸರಿಯೇ. 'ಮೆಟೊ' ಎಂಬುದಕ್ಕೆ ಮಾತ್ರ ಕೊಳಕು, ಹೇಸಿಗೆ ಎಂದು ಅರ್ಥ ಮಾಡಿ ಇಂಗ್ಲಿಷಿನಲ್ಲಿ 'ಅಬಾಮಿನೆಬಲ್ ಸ್ನೋಮನ್' ಎಂದು ಬರೆದುಬಿಟ್ಟರು. ಕಥೆ ಬಹಳ ಸ್ವಾರಸ್ಯವಾಗಿ ಕಂಡದ್ದರಿಂದ ಪತ್ರಿಕೆಗಳಿಗೆ ಕಳುಹಿಸಿದೆ ಎಂದು ವರ್ಷಗಳು ಕಳೆದ ಮೇಲೆ ಅವರೇ ತಿಳಿಸಿದರು. ಆ ಹೊತ್ತಿಗೆ ಹೇಸಿಗೆಯ ಹಿಮಮಾನವ ಲೋಕಸಂಚಾರಕ್ಕೆ ಹೊರಟಾಗಿತ್ತು.

ಆ ಭಾಷೆಗಳನ್ನು ಬಲ್ಲವರು ಕೊಡುವ ಅರ್ಥ ಬೇರೆ. ಶೆರ್ಪಾ ಜನರ ಮಾತಿನಲ್ಲಿ 'ಮಿ' ಎಂದರೆ ಮನುಷ್ಯ, 'ತೆ' ಎಂಬುದು ಕರಡಿಯಂಥ ಪ್ರಾಣಿ. ಎಂದರೆ ಮನುಷ್ಯಗರಡಿ. ದನಗಳ ಮೇಲೆ ಬೀಳುವ ಕಂದು ಕರಡಿಗೆ ಅವರಲ್ಲಿ 'ಜು-ತೆ' ಎಂಬ ಬೇರೆ ಹೆಸರೇ ಇದೆ. 'ಯೇತಿ' ಎಂಬುದೂ ಬಂಡೆಗಳ ನಡುವೆ ಇರುವ ಅಂಥದೇ ಪ್ರಾಣಿಯ ಹೆಸರು. ಹೀಗೆ ಹೆಸರಿನೊಳಗೆಯೇ ಕರಡಿ ಕುಳಿತಿತ್ತು. ಅನುವಾದ ಮಾಡಿದವರಿಗೆ ಅದು ಕಾಣಲಿಲ್ಲ.

ಇಂಥ ಫಜೀತಿಯನ್ನು ನಮ್ಮ ಜಿಲ್ಲೆಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಮನೆಯಲ್ಲಿ 'ಪಟ್ಟಿ' ಎಂದರೆ ಸಾಮಾನಿನ ಚೀಟಿ, ಮಲೆಯಾಳ ಮಾತನಾಡುವ ನೆರೆಮನೆಯಲ್ಲಿ 'ಪಟ್ಟಿ' ಎಂದರೆ ನಾಯಿ. ಅಂಗಡಿಯಲ್ಲಿ 'ಪಟ್ಟಿ ತಂದಿದ್ದೇನೆ' ಎಂದು ನಗೆಗೀಡಾದವರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ! ಇದು ನಗುವ ಮಾತಾಯಿತು. ಪರೀಕ್ಷೆಯ ಕನ್ನಡ ಪ್ರಶ್ನೆಪತ್ರಿಕೆಯನ್ನು ಕನ್ನಡ ಸರಿಯಾಗಿ ಬಾರದ ಯಾರೋ ಅನುವಾದಿಸಿದ್ದರಿಂದ ಚೆನ್ನಾಗಿ ಓದಿಕೊಂಡು ಬಂದ ಮಕ್ಕಳು ಪ್ರಶ್ನೆಯೇ ಅರ್ಥವಾಗದೆ ಕುಳಿತದ್ದನ್ನೂ ನಾವು ಕಂಡಿದ್ದೇವೆ. ಅದು ನಗುವ ಮಾತಾಗಿರಲಿಲ್ಲ.

ಹೆಜ್ಜೆಯ ಗುಟ್ಟು

ಹೆಸರಿನ ಬೆನ್ನಿಗೇ ಚಿತ್ರವೂ ಬಂತು. 1951ರ ನವೆಂಬರಿನಲ್ಲಿ ಎರಿಕ್ ಶಿಪ್ಟನ್, ಮೈಕೆಲ್ ವಾರ್ಡ್ ಮತ್ತು ಸೆನ್ ತೆನ್ಸಿಂಗ್ ಎಂಬ ಶೆರ್ಪಾ ಮೆನ್ಲುಂಗ್ ಹಿಮನದಿಯ ಮೇಲೆ ಹೆಜ್ಜೆಗುರುತುಗಳನ್ನು ಕಂಡರು. ಪಕ್ಕದಲ್ಲಿ ಹಿಮಗೊಡಲಿ ಇಟ್ಟು ತೆಗೆದ ಆ ಭಾವಚಿತ್ರದಲ್ಲಿ ಹೆಜ್ಜೆಯ ಉದ್ದ ಸುಮಾರು 13 ಅಂಗುಲ. ಪ್ರಪಂಚದ ಪತ್ರಿಕೆಗಳೆಲ್ಲ ಅದನ್ನು ಅಚ್ಚು ಹಾಕಿದವು.

ಹಿಮದ ಮೇಲಿನ ಹೆಜ್ಜೆಯನ್ನು ನಂಬುವುದು ಕಷ್ಟ. ಬಿಸಿಲು ಬಿದ್ದಂತೆ ಅದರ ಅಂಚು ಕರಗಿ ಅಗಲವಾಗುತ್ತದೆ. ರಾತ್ರಿ ಮತ್ತೆ ಗಟ್ಟಿಯಾಗುತ್ತದೆ. ಹೀಗೆ ಸಣ್ಣ ಗುರುತೂ ದೊಡ್ಡದಾಗಬಹುದು. ಕರಡಿ ನಡೆಯುವಾಗ ಅದರ ಹಿಂಗಾಲು ಮುಂಗಾಲಿನ ಗುರುತಿನ ಮೇಲೆಯೇ ಅರ್ಧ ಬೀಳುತ್ತದೆ. ಎರಡೂ ಕೂಡಿ ಉದ್ದನೆಯ ಒಂದೇ ಪಾದದಂತೆ ಕಾಣುತ್ತದೆ. ನೋಡಿದವನಿಗೆ ಎರಡು ಕಾಲಿನಲ್ಲಿ ನಡೆದ ದೈತ್ಯನೇ ಸರಿ.

ಕಣ್ಣು ಮೋಸ ಹೋಗುವುದೂ ಉಂಟು. 1986ರ ಮಾರ್ಚಿಯಲ್ಲಿ ಆಂಟನಿ ವೂಲ್‌ರಿಜ್ ಎಂಬ ಆಂಗ್ಲ ಭೌತವಿಜ್ಞಾನಿ ಗಢವಾಲದ ಹೇಮಕುಂಡದ ಬಳಿ ಒಬ್ಬರೇ ಹಿಮಾಲಯದ ಓಟ ಓಡುತ್ತಿದ್ದರು. ಅಲ್ಲಿ ಸುಮಾರು 500 ಅಡಿ ದೂರದಲ್ಲಿ ಯೇತಿ ನಿಂತಿರುವುದನ್ನು ಕಂಡು ಭಾವಚಿತ್ರವನ್ನೂ ತೆಗೆದರು. ಮುಂದೆ ಆ ಸ್ಥಳದ ಅಳತೆಗಳನ್ನು ಹಿಡಿದು ಪರಿಶೀಲಿಸಿದಾಗ ಅದು ಹಿಮದಿಂದ ಹೊರಗೆ ಚಾಚಿದ ಬಂಡೆ ಎಂದು ಗೊತ್ತಾಯಿತು. ವೂಲ್‌ರಿಜ್ ತಮ್ಮ ತಪ್ಪನ್ನು ಒಪ್ಪಿಕೊಂಡರು. ವಿಜ್ಞಾನ ಕಲಿತವನಿಗೆ ಇರಬೇಕಾದ ಗುಣ ಇದು.

ಕದ್ದ ಬೆರಳು, ಕಡ ತಂದ ನೆತ್ತಿ

ಯೇತಿಯ ಬೆನ್ನು ಹತ್ತಿದವರ ಭರಾಟೆ ಎಷ್ಟಿತ್ತೆಂದರೆ, ಅದಕ್ಕೆ ನೇಪಾಳ ಸರಕಾರ ಕಟ್ಟಳೆಗಳನ್ನೇ ಮಾಡಬೇಕಾಯಿತು. ಯೇತಿಯನ್ನು ಹುಡುಕಲು 5,000 ರೂಪಾಯಿ ಶುಲ್ಕ ಕಟ್ಟಬೇಕು. ಭಾವಚಿತ್ರ ತೆಗೆಯಬಹುದು, ಜೀವಂತ ಹಿಡಿಯಬಹುದು. ಪ್ರಾಣರಕ್ಷಣೆಗಲ್ಲದೆ ಕೊಲ್ಲುವಂತಿಲ್ಲ. ಈ ನಿಯಮಗಳನ್ನು ಕಾಠ್ಮಂಡುವಿನ ಅಮೆರಿಕನ್ ರಾಯಭಾರ ಕಚೇರಿ 1959ರಲ್ಲಿ ತನ್ನ ಸರಕಾರಕ್ಕೆ ಬರೆದು ತಿಳಿಸಿತ್ತು.

ಅದೇ ವರ್ಷ ಪಾಂಗ್‌ಬೋಚೆ ಎಂಬ ಶೆರ್ಪಾ ಊರಿನ ಗೊಂಪಾದಲ್ಲಿ ಯೇತಿಯದೆಂದು ಪೂಜ್ಯವಾಗಿ ಇರಿಸಿದ್ದ ಒಂದು ಒಣಗಿದ ಕೈಯಿಂದ ಪೀಟರ್ ಬರ್ನ್ ಎಂಬವರು ಬೆರಳೊಂದನ್ನು ತೆಗೆದು, ಅದರ ಜಾಗದಲ್ಲಿ ಮನುಷ್ಯನ ಬೆರಳನ್ನು ಜೋಡಿಸಿದರು. ಬೆರಳು ಕಲ್ಕತ್ತೆಯಿಂದ ಲಂಡನಿಗೆ ಹೋದದ್ದು ಹಾಲಿವುಡ್ ನಟ ಜೇಮ್ಸ್ ಸ್ಟೂವರ್ಟ್ ದಂಪತಿಗಳ ಪೆಟ್ಟಿಗೆಯಲ್ಲಿ. 2011ರಲ್ಲಿ ಅದರ ಡಿಎನ್‌ಎ ಪರೀಕ್ಷೆಯಾಯಿತು. ಬೆರಳು ಮನುಷ್ಯನದೇ! ಈ ಮಧ್ಯೆ ಗೊಂಪಾದಲ್ಲಿ ಉಳಿದಿದ್ದ ಕೈಯೂ 1990ರ ದಶಕದಲ್ಲಿ ಕಳವಾಯಿತು. ಒಂದು ಊರಿನ ಭಕ್ತಿಗೆ ಬೆಲೆ ಕೊಡದ ಕುತೂಹಲ ಕೊನೆಗೆ ಸಂಪಾದಿಸಿದ್ದು ಇಷ್ಟೇ.

ಇದಕ್ಕೆ ತೀರ ಬೇರೆಯಾದ ರೀತಿಯಲ್ಲಿ ನಡೆದುಕೊಂಡವರು ಎಡ್ಮಂಡ್ ಹಿಲರಿ. 1953ರ ಮೇ 29ರಂದು ತೇನ್‌ಸಿಂಗರೊಡನೆ ಎವರೆಸ್ಟ್ ಏರಿದ ಅವರು 1960ರಲ್ಲಿ ಯೇತಿಯ ಶೋಧವನ್ನೂ ಸೇರಿಸಿಕೊಂಡು ಮತ್ತೊಂದು ಯಾತ್ರೆ ಹೊರಟರು. ಖುಮ್‌ಜುಂಗ್ ಎಂಬ ಊರಿನ ಗೊಂಪಾದಲ್ಲಿ ಯೇತಿಯ ನೆತ್ತಿಯ ಚರ್ಮವೆಂದು ಕಾಪಾಡಿಕೊಂಡು ಬಂದಿದ್ದ ವಸ್ತುವೊಂದಿತ್ತು. ಹಿಲರಿ ಅದನ್ನು ಕದಿಯಲಿಲ್ಲ, ಊರವರಲ್ಲಿ ಕೇಳಿ ಆರು ವಾರದ ಮಟ್ಟಿಗೆ ಕಡ ಪಡೆದರು. ಊರ ಹಿರಿಯ ಖುಂಜೊ ಚುಂಬಿ ಅದರ ಕಾವಲಿಗೆ ಜತೆಯಲ್ಲಿಯೇ ಚಿಕಾಗೊ, ಪ್ಯಾರಿಸ್, ಲಂಡನ್ ಸುತ್ತಿ ಬಂದರು. ಅದು ಸೆರೋ ಎಂಬ ಹಿಮಾಲಯದ ಕಾಡುಮೇಕೆಯಂಥ ಪ್ರಾಣಿಯ ಚರ್ಮವನ್ನು ಅಚ್ಚಿಗೆ ಹಾಕಿ ರೂಪಿಸಿದ್ದು ಎಂದು ತಜ್ಞರು ಹೇಳಿದರು. ನೆತ್ತಿ ಊರಿಗೆ ಹಿಂದಿರುಗಿತು. ಇಂದಿಗೂ ಆ ಗೊಂಪಾದಲ್ಲಿ ಅದಕ್ಕೆ ಗೌರವವಿದೆ. ವಿಜ್ಞಾನ ತನ್ನ ಮಾತು ಹೇಳಿತು, ಊರು ತನ್ನ ನಂಬಿಕೆ ಇಟ್ಟುಕೊಂಡಿತು. ಯಾರೂ ಯಾರನ್ನೂ ಹೀಯಾಳಿಸಲಿಲ್ಲ.

ಬೆಳ್ಳಿಯ ಗುಡಿಸಲು

ಆ ಯಾತ್ರೆಯ ಇನ್ನೊಂದು ಭಾಗ ನಮ್ಮ ಹುಡುಗನ ಕಥೆಗೆ ಮತ್ತೂ ಹತ್ತಿರವಾದದ್ದು. ಸುಮಾರು 19,000 ಅಡಿ ಎತ್ತರದ ಹಿಮದ ಮೇಲೆ ಬೆಳ್ಳಿಬಣ್ಣದ ಒಂದು ಗುಡಿಸಲನ್ನು ಜೋಡಿಸಿ, ಗ್ರಿಫಿತ್ ಪ್ಯೂ ಎಂಬ ಶರೀರವಿಜ್ಞಾನಿಯ ಮಾರ್ಗದರ್ಶನದಲ್ಲಿ ಕೆಲವರು ಇಡೀ ಚಳಿಗಾಲವನ್ನು ಅದರಲ್ಲಿ ಕಳೆದರು. ತೆಳುಗಾಳಿಯಲ್ಲಿ ಮನುಷ್ಯನ ದೇಹ ಏನಾಗುತ್ತದೆಂದು ತಿಳಿಯುವುದು ಉದ್ದೇಶ. ಅವರ ತೂಕ ಇಳಿಯುತ್ತಲೇ ಹೋಯಿತು. 1961ರಲ್ಲಿ ಅದೇ ತಂಡ ಮಕಾಲು ಶಿಖರಕ್ಕೆ ಪ್ರಯತ್ನಿಸಿದಾಗ ಪೀಟರ್ ಮಲ್‌ಗ್ರ್ಯೂ ಎಂಬವರು ಮೇಲೆ ಕುಸಿದು ಬಿದ್ದು, ಹಿಮಗಡಿತದಿಂದ ಎರಡೂ ಪಾದಗಳನ್ನು ಕಳೆದುಕೊಂಡರು. ಹಿಲರಿಯವರೂ ಕಾಯಿಲೆ ಬಿದ್ದು ಕೆಳಗಿಳಿಯಬೇಕಾಯಿತು.

ಆ ಎತ್ತರದ ನಿಜವಾದ ರಾಕ್ಷಸನಿಗೆ ರೋಮವಿಲ್ಲ, ಹೆಜ್ಜೆಯಿಲ್ಲ. ಎವರೆಸ್ಟಿನ ತುದಿಯಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಮೂರನೆಯ ಒಂದು ಪಾಲಿನಷ್ಟು. 1922ರಲ್ಲಿ ಹಿಮಪಾತಕ್ಕೆ ಏಳು ಮಂದಿ ಹೊರೆಯಾಳುಗಳು ಬಲಿಯಾದರು. 2014ರ ಏಪ್ರಿಲ್ 18ರಂದು ಎವರೆಸ್ಟಿನ ಖುಂಬು ಹಿಮಪ್ರವಾಹದಲ್ಲಿ 16 ಮಂದಿ ನೇಪಾಳಿ ಕೆಲಸಗಾರರು ಸತ್ತರು. ಇತರರು ಏರಲೆಂದು ದಾರಿ ಸಿದ್ಧಪಡಿಸುತ್ತ, ಹೊರೆ ಹೊರುತ್ತ ಇದ್ದವರು ಅವರು. ಯೇತಿಯನ್ನು ಕುರಿತು 1957ರಲ್ಲಿ ಸಿನಿಮಾ ಬಂತು. 1967ರಲ್ಲಿ ಬಿಬಿಸಿಯ ಧಾರಾವಾಹಿಯೊಂದರಲ್ಲಿ ಅದು ಯಂತ್ರಮಾನವನೂ ಆಯಿತು. ಹೊರೆ ಹೊತ್ತವನ ಕಥೆಗೆ ಮಾತ್ರ ಅಷ್ಟು ನೋಡುಗರು ಸಿಗಲಿಲ್ಲ.

ಕರಡಿಯೂ ಶಾಲೆಯೂ

ಕಟ್ಟಕಡೆಗೆ ಉತ್ತರ ಬಂದದ್ದು ಪ್ರಯೋಗಶಾಲೆಯಿಂದ. ಯೇತಿಯದೆಂದು ಅಲ್ಲಲ್ಲಿ ಕಾಪಾಡಿದ್ದ ಎಲುಬು, ಹಲ್ಲು, ರೋಮ, ಚರ್ಮಗಳ ಒಂಬತ್ತು ಮಾದರಿಗಳ ಡಿಎನ್‌ಎಯನ್ನು ಶಾರ್ಲೆಟ್ ಲಿಂಡ್‌ಕ್ವಿಸ್ಟ್ ಮತ್ತು ಸಂಗಡಿಗರು ಪರೀಕ್ಷಿಸಿ 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ಎಂಟು ಕರಡಿಯವು, ಒಂದು ನಾಯಿಯದು. ಹೊರೆಯಾಳುಗಳ 'ತೆ' ಎಂಬ ಮಾತಿನ ಅರ್ಥವನ್ನು 1921ರಲ್ಲಿಯೇ ಸರಿಯಾಗಿ ಕೇಳಿದ್ದರೆ ಸುಮಾರು ನೂರು ವರ್ಷದ ಓಡಾಟ ಉಳಿಯುತ್ತಿತ್ತೇನೋ! ರಾಕ್ಷಸನೆಂದು ಪ್ರಪಂಚ ಬೆದರಿದ ಆ ಹಿಮಾಲಯದ ಕಂದು ಕರಡಿ ಇಂದು ತಾನೇ ಅಳಿವಿನಂಚಿನಲ್ಲಿದೆ.

ಆದರೂ ಸುದ್ದಿ ಸಾಯುವುದಿಲ್ಲ. ಮಕಾಲುವಿನ ತಳಶಿಬಿರದ ಬಳಿ 32 ಅಂಗುಲ ಉದ್ದದ ಹೆಜ್ಜೆಗಳನ್ನು ಕಂಡುದಾಗಿ 2019ರ ಏಪ್ರಿಲಿನಲ್ಲಿ ನಮ್ಮ ಸೇನೆಯೇ ಚಿತ್ರಸಹಿತ ಪ್ರಕಟಿಸಿದಾಗ ದೇಶವೆಲ್ಲ ಒಂದು ವಾರ ಅದನ್ನೇ ಮಾತನಾಡಿತು.

ಯೇತಿಯ ಹುಡುಕಾಟದಿಂದ ಯೇತಿ ಸಿಗದಿದ್ದರೂ ಬೇರೊಂದು ಸಿಕ್ಕಿತು. ಖುಮ್‌ಜುಂಗಿನ ಜನ ಹಿಲರಿಯವರಲ್ಲಿ ಕೇಳಿಕೊಂಡದ್ದು ಮಕ್ಕಳಿಗೊಂದು ಶಾಲೆಯನ್ನು. ಸುಮಾರು 12,400 ಅಡಿ ಎತ್ತರದ ಆ ಊರಿನಲ್ಲಿ 1961ರಲ್ಲಿ ಅಲ್ಯೂಮಿನಿಯಂ ತಗಡಿನ ಪುಟ್ಟ ಶಾಲೆ ಎದ್ದಿತು. ಡಾರ್ಜಿಲಿಂಗಿನಿಂದ ಬಂದ ಶೆರ್ಪಾ ಒಬ್ಬರು ಅದರ ಮೊದಲ ಗುರುಗಳು. ಅದು ಬೆಳೆದು ಪ್ರೌಢಶಾಲೆಯಾಯಿತು. ಹಿಲರಿಯವರು ಕಟ್ಟಿದ ಹಿಮಾಲಯನ್ ಟ್ರಸ್ಟ್ ಆ ಸೀಮೆಯಲ್ಲಿ ಇನ್ನೂ ಅನೇಕ ಶಾಲೆ, ಆಸ್ಪತ್ರೆಗಳನ್ನು ತೆರೆಯಿತು. ಶಿಕ್ಷಕರಾದ ನಮಗೆ ಇಡೀ ಕಥೆಯಲ್ಲಿ ಹೆಚ್ಚು ಮೆಚ್ಚುಗೆಯಾದ ಭಾಗ ಇದು. ತಮ್ಮ ಮಾತನ್ನು ಬೇರೆಯವರು ತಪ್ಪಾಗಿ ಬರೆದುಕೊಂಡರೆಂದು ಕೊರಗುತ್ತ ಕೂರುವುದಕ್ಕಿಂತ, ಅದನ್ನು ತಾವೇ ಸರಿಯಾಗಿ ಬರೆಯಬಲ್ಲ ಮಕ್ಕಳನ್ನು ಬೆಳೆಸುವುದು ಮೇಲು. ಸಣ್ಣ ಭಾಷೆಯ ಜನಕ್ಕೆ ಶಾಲೆ ಬೇಕಾದದ್ದು ಇದಕ್ಕಾಗಿಯೇ.

ಹುಡುಗನಿಗೆ ಇದನ್ನೆಲ್ಲ ಹೇಳಿ ಕಥೆಯನ್ನು ಹಿಂದಿರುಗಿಸಿದ್ದೆವು. ಮೊನ್ನೆ ತಿದ್ದಿ ತಂದ. ಈಗ ಅದರಲ್ಲಿ ಹಿಮಗ್ರಹದ ಮೂಲನಿವಾಸಿಯಾದ ಮುದುಕಿಯೊಬ್ಬಳು ಸೇರಿದ್ದಾಳೆ. ವಸಾಹತಿನವರೆಲ್ಲ 'ರಾಕ್ಷಸ' ಎಂದುಕೊಂಡ ಮಾತಿಗೆ ಅವಳ ಭಾಷೆಯಲ್ಲಿ ಬೇರೆಯೇ ಅರ್ಥವಂತೆ. ಏನದು ಎಂದು ಕೇಳಿದೆವು.

"ಕೊನೇ ಪುಟದಲ್ಲಿ ಬರ್ತದೆ ಮಾಷ್ಟ್ರೆ, ಇನ್ನೂ ಬರೆದಾಗಲಿಲ್ಲ" ಎಂದ.

ಲೇಸರ್ ಬಂದೂಕು ಮಾತ್ರ ಇದ್ದಲ್ಲಿಯೇ ಇದೆ. ಇರಲಿ, ಅದು ಅವನ ಕಥೆ.