ತಲೆಯಾಡಿಸಿದ ತಾಯಿ

ಪುಣೆಯ ಆಸ್ಪತ್ರೆಯೊಂದರ ನವಜಾತ ಶಿಶುಗಳ ಐಸಿಯುನಲ್ಲಿ ನಾನು ನರ್ಸ್. ಊರು ಜಮಖಂಡಿ. ಇಲ್ಲಿಗೆ ಬಂದು ಒಂಬತ್ತು ವರ್ಷ, ಮರಾಠಿ ಸಲೀಸು. ಅದೇ ಭರವಸೆಯಲ್ಲಿ ಒಮ್ಮೆ ಎಡವಿದೆ.

32 ವಾರಕ್ಕೇ ಹುಟ್ಟಿದ ಕೂಸು. ತೂಕ 1,400 ಗ್ರಾಂ. ಸಾಮಾನ್ಯವಾಗಿ 34 ವಾರ ಆಗುವವರೆಗೆ ಚೀಪುವುದು, ನುಂಗುವುದು, ಉಸಿರಾಡುವುದನ್ನು ಹೊಂದಿಸಿಕೊಳ್ಳಲು ಮಗುವಿಗೆ ಬರುವುದಿಲ್ಲ. ತಾಯಿ ಹಿಂಡಿಕೊಟ್ಟ ಹಾಲನ್ನು ನಾವು ನಳಿಕೆಯಲ್ಲಿ ಕೊಡುತ್ತೇವೆ. ಇಂಥ ಮಕ್ಕಳನ್ನು ಕಾಡುವ ಗಂಭೀರ ಕರುಳಿನ ಕಾಯಿಲೆಯ ಅಪಾಯವನ್ನೂ ಆ ಹಾಲು ತಗ್ಗಿಸುತ್ತದೆ.

ನಾಲ್ಕನೇ ದಿನ ಬೆಳಿಗ್ಗೆ ತೂಕ 1,290ಕ್ಕೆ ಇಳಿದಿತ್ತು. ‘ತೂಕ ಕಡಿಮೆಯಾಗಿದೆ, ಹೆದರಬೇಡಿ’ ಎಂದು ತಾಯಿಗೆ ಮರಾಠಿಯಲ್ಲಿ ಹೇಳಿದೆ. ಆಕೆ ತಲೆಯಾಡಿಸಿದಳು. ನಾನು ಮುಂದಿನ ಮಗುವಿನತ್ತ ಹೋದೆ.

ಆಮೇಲೆ ಹಾಲು ಬರಲೇ ಇಲ್ಲ. ಕೇಳಿದರೆ ತಲೆ ತಗ್ಗಿಸಿದಳು. ರಾತ್ರಿ ವರಾಂಡದಲ್ಲಿ ಆಕೆ ಫೋನಿನಲ್ಲಿ ಮಾತಾಡುವುದು ಕಿವಿಗೆ ಬಿತ್ತು: ‘ಯವ್ವಾ, ನನ್ನ ಹಾಲು ಕೂಸಿಗೆ ಒಗ್ಗವಲ್ದು. ಕುಡದಂಗೆಲ್ಲಾ ಸಣ್ಣಗ ಆಗಾಕತ್ತೈತಿ.’

ನಮ್ಮ ಕಡೆಯ ಮಾತು! ಇಂಡಿ ತಾಲ್ಲೂಕಿನವಳು. ಗಂಡ ಇಲ್ಲಿ ಕಟ್ಟಡ ಕೆಲಸಗಾರ. ಅವನು ಮರಾಠಿ ಮಾತಾಡುತ್ತಿದ್ದ; ಇವಳಿಗೂ ಬರುತ್ತದೆಂದು ನಾವೇ ಅಂದುಕೊಂಡಿದ್ದೆವು.

ಪಕ್ಕದಲ್ಲಿ ಕುಳಿತೆ. ‘ತಂಗಿ, ಹುಟ್ಟಿದ ಮ್ಯಾಲೆ ಕೂಸಿನ ಮೈಯಾಗಿನ ನೀರು ಕಡಿಮಿ ಆಗ್ತೈತಿ. ಅದಕ್ಕ ಮೊದಲ ನಾಕ್ದಿನ ತೂಕ ಇಳೀತೈತಿ. ನಿನ್ನ ಹಾಲಿಂದೇನೂ ತಪ್ಪಿಲ್ಲ. ಅದಕ್ಕ ಬೇಕಾಗಿದ್ದೇ ಆ ಹಾಲು’ ಎಂದೆ.

ಆಕೆ ಬಿಕ್ಕಿದಳು. ‘ಅಕ್ಕಾರ, ಮುಂಜಾನಿಂದ ಹಿಂಡಿ ಹಿಂಡಿ ಚೆಲ್ಲೀನ್ರಿ.’

ಅಂದು ನನಗೆ ನಿದ್ದೆ ಬರಲಿಲ್ಲ. ಭಾಷೆಯಿಂದಲೇ ಹೀಗಾಯಿತು ಎಂದುಕೊಂಡೆ. ಆದರೆ ಗಮನಿಸುತ್ತಾ ಹೋದರೆ, ಪುಣೆಯಲ್ಲೇ ಹುಟ್ಟಿ ಬೆಳೆದ ತಾಯಂದಿರೂ ಹಾಗೆಯೇ ತಲೆಯಾಡಿಸುತ್ತಾರೆ. ಹೆರಿಗೆಯ ದಣಿವು, ಯಂತ್ರಗಳ ಸದ್ದು, ಸಿಸ್ಟರ್‌ಗೆ ಪುರುಸೊತ್ತಿಲ್ಲವೆಂಬ ಅಳುಕು. ಮನಸ್ಸಿನಲ್ಲಿದ್ದುದನ್ನು ಕೇಳಲು ಬಾಯಿ ಬರುವುದಿಲ್ಲ.

ಈಗ ನಾನು ‘ಅರ್ಥವಾಯಿತೇ?’ ಎನ್ನುವುದಿಲ್ಲ. ‘ಮನೆಯವರು ಫೋನ್ ಮಾಡಿದರೆ ಮಗುವಿನ ಬಗ್ಗೆ ಏನು ಹೇಳುತ್ತೀರಿ?’ ಎಂದು ಕೇಳುತ್ತೇನೆ. ಅವರು ಹೇಳುವಾಗ ನಾನೆಲ್ಲಿ ಸರಿಯಾಗಿ ಹೇಳಿಲ್ಲವೆಂದು ತಿಳಿಯುತ್ತದೆ. ಎರಡು ನಿಮಿಷ ಸಾಕು.

ಹನ್ನೆರಡನೇ ದಿನ ಕೂಸು ಹುಟ್ಟಿದ ತೂಕಕ್ಕೆ ಮರಳಿತು. ಅವ್ವನ ಎದೆಗೆ ಅಂಟಿಕೊಂಡು ಮಲಗಿತ್ತು. ತೂಕ ಬರೆದ ಹಾಳೆ ತೋರಿಸಿದೆ. ಆಕೆ ಈ ಸಲ ಸುಮ್ಮನೆ ತಲೆಯಾಡಿಸಲಿಲ್ಲ.

‘ನಾಳೆ ಎಷ್ಟಾಗಬೇಕ್ರೀ ಅಕ್ಕಾರ?’ ಎಂದು ಕೇಳಿದಳು.