ನಿಶ್ಚಿತಾರ್ಥದ ವಜ್ರದುಂಗುರ: ತೂಕ, ಕಟ್ ಮತ್ತು ಬಿಲ್ಲು

ನಿಶ್ಚಿತಾರ್ಥದ ಉಂಗುರಕ್ಕೆ ಎರಡು ತಿಂಗಳ ಸಂಬಳವನ್ನಾದರೂ ತೆರಬೇಕೆಂಬ ಮಾತು ಯಾವ ಸಂಪ್ರದಾಯದಿಂದಲೂ ಬಂದುದಲ್ಲ. ಅದು 1980ರ ದಶಕದಲ್ಲಿ ಡಿ ಬಿಯರ್ಸ್ ಕಂಪನಿಯ ಜಾಹೀರಾತುಗಳು ಅಮೆರಿಕದಲ್ಲಿ ಹರಡಿದ ಲೆಕ್ಕ. ಫಲತಾಂಬೂಲ ಬದಲಾಯಿಸಿಕೊಂಡರೆ ಮಾತು ಗಟ್ಟಿಯಾಗುತ್ತಿದ್ದ ಮನೆಗಳಲ್ಲಿ ಈ ಲೆಕ್ಕಕ್ಕೆ ಮಣಿಯಬೇಕಾದ ಕಾರಣವಿಲ್ಲ. ಆದುದರಿಂದ ಕೈಲಾಗುವ ಮೊತ್ತವನ್ನು ಮೊದಲೇ ನಿಗದಿ ಮಾಡಿಕೊಂಡು, ಆ ಮೊತ್ತದ ಹೆಚ್ಚಿನ ಪಾಲು ಹರಳಿನ ಯಾವ ಗುಣಕ್ಕೆ ಸಲ್ಲಬೇಕು ಎಂಬುದನ್ನು ವಿಚಾರಿಸುವುದೇ ಸರಿಯಾದ ಕ್ರಮ.

ವಜ್ರವನ್ನು ಕ್ಯಾರೆಟ್ಟಿನಲ್ಲಿ ತೂಗುತ್ತಾರೆ. ಒಂದು ಕ್ಯಾರೆಟ್ ಎಂದರೆ 200 ಮಿಲಿಗ್ರಾಂ, ಅದರ ನೂರರಲ್ಲೊಂದು ಭಾಗವೇ ಅಂಗಡಿಗಳಲ್ಲಿ ಕೇಳಿಬರುವ ಸೆಂಟ್. ಹರಳು ದೊಡ್ಡದಾದಂತೆ ಪ್ರತಿ ಕ್ಯಾರೆಟ್ಟಿನ ದರವೇ ಏರುತ್ತದೆ, ಅದರಲ್ಲೂ 50 ಸೆಂಟ್, ಒಂದು ಕ್ಯಾರೆಟ್ ಮುಂತಾದ ಗಡಿಗಳಲ್ಲಿ ಒಮ್ಮೆಗೇ ಜಿಗಿಯುತ್ತದೆ. ಹೀಗಾಗಿ ಗಡಿಯನ್ನು ಮುಟ್ಟಿಸುವ ಆಸೆಯಿಂದ ಕೆಲವೊಮ್ಮೆ ಹರಳನ್ನು ಬೇಕಾದುದಕ್ಕಿಂತ ಆಳವಾಗಿ ಕತ್ತರಿಸಿರುತ್ತಾರೆ. ಪ್ರಯೋಗಾಲಯದ ವರದಿಯಲ್ಲಿ ದುಂಡು ಹರಳೊಂದರ ಅಳತೆ 6.20–6.23 × 4.05 ಮಿಲಿಮೀಟರ್ ಎಂದಿದ್ದರೆ, ಮೊದಲೆರಡು ಅಂಕಿಗಳು ಅದರ ಅಗಲವನ್ನೂ ಕೊನೆಯದು ಆಳವನ್ನೂ ಸೂಚಿಸುತ್ತವೆ. ಇಂತಹ ಹರಳು ಸುಮಾರು ಒಂದು ಕ್ಯಾರೆಟ್ ತೂಗಬಹುದು. ಅಷ್ಟೇ ಅಗಲದ, ಆದರೆ 3.82 ಮಿಲಿಮೀಟರ್ ಆಳದ ಇನ್ನೊಂದು ಹರಳು 90 ಸೆಂಟಿನ ಆಸುಪಾಸಿನಲ್ಲಿರುತ್ತದೆ. ಬೆರಳಿನ ಮೇಲೆ ಎರಡರ ಗಾತ್ರವೂ ಒಂದೇ. ಮೊದಲನೆಯದರಲ್ಲಿ ಹೆಚ್ಚುವರಿ ಹಣ ತೆತ್ತು ಕೊಂಡ ತೂಕವೆಲ್ಲ ಕಾಣದಂತೆ ಕೆಳಗೆ ಅಡಗಿರುತ್ತದೆ.

ಆಳ ಮಿತಿಮೀರಿದರೆ ಕೆಡುವುದು ಹೊಳಪೂ ಹೌದು. ಮೇಲಿನಿಂದ ಒಳಹೊಕ್ಕ ಬೆಳಕು ತಳದ ಇಳಿಜಾರು ಮುಖಗಳಿಗೆ ಬಡಿದು ಮತ್ತೆ ಮೇಲಕ್ಕೇ ಹೊಮ್ಮಬೇಕಾದರೆ ಆ ಮುಖಗಳ ಕೋನ ಸರಿಯಾಗಿರಬೇಕು, ಇಲ್ಲದಿದ್ದರೆ ಬೆಳಕು ಬದಿಯಿಂದಲೋ ತಳದಿಂದಲೋ ಸೋರಿಹೋಗಿ ಹರಳು ಮಂಕಾಗುತ್ತದೆ. ದುಂಡು ಹರಳಿಗೆ ಈ ಕೋನ ಸುಮಾರು 40.75 ಡಿಗ್ರಿ ಇರಬೇಕೆಂದು ಮಾರ್ಸೆಲ್ ಟೋಲ್ಕೋವ್ಸ್ಕಿ 1919ರಲ್ಲಿ ಗಣಿತದಿಂದ ತೋರಿಸಿದರು. ಕಟ್ ಎಂದರೆ ಆಕಾರವಲ್ಲ, ಈ ಅಳತೆಗಳ ಹದ. ಅಮೆರಿಕದ ಜಿಐಎ ಸಂಸ್ಥೆಯ ವರದಿಗಳು 2006ರಿಂದ ದುಂಡು ಹರಳುಗಳ ಕಟ್‌ಗೂ ದರ್ಜೆ ನೀಡುತ್ತಿವೆ. ಹಣದ ವಿಷಯದಲ್ಲಿ ರಾಜಿ ಮಾಡಿಕೊಳ್ಳಬಾರದ ಗುಣ ಇದೊಂದೇ ಎಂದರೂ ತಪ್ಪಾಗದು.

ಬಣ್ಣ ಮತ್ತು ಶುದ್ಧತೆಯಲ್ಲಿ ಒಂದೆರಡು ಮೆಟ್ಟಿಲು ಇಳಿದರೆ ನಷ್ಟವೇನಿಲ್ಲ. ಬಣ್ಣವೇ ಇಲ್ಲದ ಡಿ ದರ್ಜೆಗೆ ದುಬಾರಿ ಬೆಲೆ ತೆತ್ತು, ಅದನ್ನು ಹಳದಿ ಚಿನ್ನದಲ್ಲಿ ಕೂರಿಸುವುದು ದುಂದೇ ಸರಿ, ಏಕೆಂದರೆ ಲೋಹದ ಛಾಯೆ ಹರಳಿನಲ್ಲಿ ಪ್ರತಿಫಲಿಸುತ್ತದೆ. ಹತ್ತು ಪಟ್ಟು ಹಿಗ್ಗಿಸುವ ಮಸೂರದಲ್ಲಿ ಮಾತ್ರ ಕಾಣುವ ಚುಕ್ಕೆಗಳ ವಿಷಯವೂ ಇಷ್ಟೇ.

ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರವು ರಾಸಾಯನಿಕವಾಗಿ ಗಣಿಯ ವಜ್ರದಂತೆಯೇ ಇಂಗಾಲದ ಹರಳು. ಬರಿಗಣ್ಣಿಗೆ ವ್ಯತ್ಯಾಸ ತಿಳಿಯದು. ಬೆಲೆ ಬಹಳ ಕಡಿಮೆ, ಮರುಮಾರಾಟದಲ್ಲಿ ಸಿಗುವುದೂ ಅತ್ಯಲ್ಪ. ಧರಿಸಲೆಂದೇ ಕೊಳ್ಳುವವರಿಗೆ ಅದು ಲಾಭವೇ, ಆದರೆ ಬೆಳೆಸಿದ ವಜ್ರವೆಂದು ಬಿಲ್ಲಿನಲ್ಲಿ ಸ್ಪಷ್ಟವಾಗಿ ಬರೆದಿರಬೇಕು.

ಬಿಲ್ಲಿನಲ್ಲಿ ನೋಡಬೇಕಾದುದು ಇನ್ನೂ ಇದೆ. ಒಟ್ಟು 4.20 ಗ್ರಾಂ ತೂಗುವ ಉಂಗುರದಲ್ಲಿ ಒಂದು ಕ್ಯಾರೆಟ್ ವಜ್ರವಿದ್ದರೆ ಚಿನ್ನ 4 ಗ್ರಾಂ ಮಾತ್ರ. ಒಟ್ಟು ತೂಕಕ್ಕೇ ಚಿನ್ನದ ದರ ಹಾಕಿದ್ದರೆ ಅದೇ ಹರಳಿಗೆ ಎರಡು ಬಾರಿ ಹಣ ತೆತ್ತಂತಾಗುತ್ತದೆ. ಒಳಬದಿಯಲ್ಲಿ ಕೊರೆದ ಬಿಐಎಸ್ ಹಾಲ್‌ಮಾರ್ಕ್ ಮತ್ತು ಆರು ಅಕ್ಷರಾಂಕಗಳ ಎಚ್‌ಯುಐಡಿ ಚಿನ್ನದ ಶುದ್ಧತೆಯನ್ನಷ್ಟೇ ಖಾತರಿಪಡಿಸುತ್ತವೆ, ವಜ್ರದ ಬಗ್ಗೆ ಏನನ್ನೂ ಹೇಳುವುದಿಲ್ಲ. ವಜ್ರಕ್ಕೆ ಪ್ರತ್ಯೇಕ ವರದಿ ಬೇಕು. ಹರಳಿನ ಅಂಚಿನಲ್ಲಿ ಲೇಸರಿನಿಂದ ಸಂಖ್ಯೆ ಕೊರೆದಿದ್ದರೆ ಅದನ್ನು ವರದಿಯ ಸಂಖ್ಯೆಯೊಡನೆ ಅಂಗಡಿಯಲ್ಲೇ ಮಸೂರ ಹಿಡಿದು ತಾಳೆ ನೋಡಬಹುದು.