ಮೂಕಿಯ ಮೇಲಿನ ಭಾರ: ಆಫ್‌ರೋಡ್ ವಾಹನವನ್ನು ಟ್ರೇಲರಿನಲ್ಲಿ ಒಯ್ಯುವ ಬಗೆ

ಕಲ್ಲುಬಂಡೆ, ಕೆಸರು, ಮರಳುದಿಬ್ಬಗಳನ್ನು ಹತ್ತಿಳಿಯಲೆಂದೇ ಮಾರ್ಪಡಿಸಿದ ಜೀಪು ಹೆದ್ದಾರಿಯಲ್ಲಿ ನೂರಾರು ಕಿಲೋಮೀಟರ್ ಓಡಲು ತಕ್ಕ ವಾಹನವಲ್ಲ; ಅದರ ಒರಟು ಟೈರುಗಳು ಡಾಂಬರಿನ ಮೇಲೆ ಬೇಗ ಸವೆಯುತ್ತವೆ, ಎತ್ತರಿಸಿದ ಮೈ ಗಾಳಿಗೆ ಹೊಯ್ದಾಡುತ್ತದೆ, ಮೇಲಾಗಿ ಕಾಡುದಾರಿಯಲ್ಲಿ ಆಕ್ಸಲ್ ಮುರಿದರೆ ಮನೆಗೆ ಮರಳುವ ಉಪಾಯವೇ ಇರುವುದಿಲ್ಲ. ಆದ್ದರಿಂದಲೇ ಅಮೆರಿಕದ ಯೂಟಾ ರಾಜ್ಯದ ಮೋಆಬ್‌ಗೋ ಕ್ಯಾಲಿಫೋರ್ನಿಯಾದ ರೂಬಿಕಾನ್ ಹಾದಿಗೋ ಹೋಗುವವರಲ್ಲಿ ಅನೇಕರು ಜೀಪನ್ನು ಟ್ರೇಲರಿನ ಮೇಲೇರಿಸಿ, ಪಿಕಪ್ ಟ್ರಕ್ಕಿನಿಂದ ಎಳೆದೊಯ್ಯುತ್ತಾರೆ. ಈ ಬಗೆಯ ಸಾಗಣೆ ಅಲ್ಲಿ ದಿನಬಳಕೆಯ ಮಾತಾಗಿರುವುದರಿಂದ ಈ ಅಧ್ಯಾಯದ ಅಂಕಿಗಳೂ ಉದಾಹರಣೆಗಳೂ ಅಲ್ಲಿಯವೇ.

ಟ್ರೇಲರಿನ ಮುಂದಕ್ಕೆ ಚಾಚಿರುವ ಕಂಬವನ್ನು ಇಲ್ಲಿ ಗಾಡಿಯ ಮೂಕಿಯ ಹೆಸರಿನಿಂದಲೇ ಕರೆಯಲಾಗಿದೆ. ಮೂಕಿಯ ತುದಿಯ ಬಟ್ಟಲು ಎಳೆಯುವ ವಾಹನದ ಹಿಂಬದಿಯ ಉಕ್ಕಿನ ಗುಂಡಿನ ಮೇಲೆ ಕೂರುತ್ತದೆ. ಈ ಕೂಡಿಕೆಯೇ ಹಿಚ್. ಟ್ರೇಲರ್ ತನ್ನ ತೂಕವನ್ನೂ ಸೇರಿಸಿಕೊಂಡು ಎಷ್ಟು ಭಾರವನ್ನು ತಾಳಬಲ್ಲದೆಂದು ತಯಾರಕರು ನಮೂದಿಸಿರುವ ಅಂಕಿಯು ಒಟ್ಟು ತೂಕದ ಮಿತಿ. ಈ ಮಿತಿಯನ್ನು ಹೊರಬಹುದಾದ ಸರಕಿನ ತೂಕವೆಂದು ಭಾವಿಸುವುದು ಕೊಳ್ಳುವವರು ಎಡವುವ ಮೊದಲ ಜಾಗ. ಎರಡು ಆಕ್ಸಲುಗಳ ಸಾಮಾನ್ಯ ಟ್ರೇಲರಿನ ಮಿತಿ 3,175 ಕಿಲೋಗ್ರಾಂ ಎಂದಿಟ್ಟುಕೊಂಡರೆ, ಅದರ ಸ್ವಂತ ತೂಕವೇ ಸುಮಾರು 900 ಕಿಲೋ ಇರುವುದರಿಂದ ಮೇಲೇರಿಸಲು ಉಳಿಯುವುದು 2,275 ಕಿಲೋ ಮಾತ್ರ. ನಾಲ್ಕು ಬಾಗಿಲ ಜೀಪ್ ರ್‍ಯಾಂಗ್ಲರ್ ಕಾರ್ಖಾನೆಯಿಂದ ಬರುವಾಗ 2,000 ಕಿಲೋ ಆಸುಪಾಸಿನಲ್ಲಿದ್ದರೂ ಉಕ್ಕಿನ ಬಂಪರು, ವಿಂಚು, ದೊಡ್ಡ ಟೈರು, ಉಪಕರಣ, ನೀರು, ಇಂಧನಗಳೆಲ್ಲ ಸೇರಿದ ಮೇಲೆ 2,400 ಕಿಲೋ ಮುಟ್ಟುವುದು ಅಪರೂಪವಲ್ಲ. ಅಂದರೆ ಕೈಪಿಡಿಯ ಅಂಕಿಯನ್ನು ನಂಬಿ ಆರಿಸಿದ ಟ್ರೇಲರು ಮೊದಲ ಪ್ರಯಾಣಕ್ಕೇ ಮಿತಿ ಮೀರಿರುತ್ತದೆ. ಸರಂಜಾಮು ಸಮೇತ ವಾಹನವನ್ನು ವೇ ಬ್ರಿಡ್ಜಿನ ಮೇಲೆ ನಿಲ್ಲಿಸಿ ತೂಗಿಸುವ ಮುನ್ನ ಟ್ರೇಲರಿಗೆ ಹಣ ಕೊಡಬಾರದು. ಇಂಥ ಜೀಪಿಗೆ 4,500 ಕಿಲೋ ಆಸುಪಾಸಿನ ಮಿತಿಯ ಟ್ರೇಲರೇ ತಕ್ಕುದು.

ಎರಡು ಆಕ್ಸಲುಗಳಿಗೂ ಬ್ರೇಕು ಇರಲೇಬೇಕು. ಕೂಡಿಕೆ ಕಳಚಿದರೆ ಟ್ರೇಲರಿನ ಪುಟ್ಟ ಬ್ಯಾಟರಿ ತಾನಾಗಿ ಬ್ರೇಕು ಹಾಕುವ ಏರ್ಪಾಡೂ ಇರಬೇಕು. ಸುರಕ್ಷಾ ಸರಪಳಿಗಳನ್ನು ಮೂಕಿಯ ಅಡಿಯಲ್ಲಿ ಒಂದರ ಮೇಲೊಂದು ಅಡ್ಡಹಾಯಿಸಿ ಸಿಕ್ಕಿಸಿದರೆ, ಕಳಚಿದ ಮೂಕಿ ರಸ್ತೆಗೆ ಬಡಿಯದೆ ಆ ಸರಪಳಿಗಳ ಮೇಲೆ ಬೀಳುತ್ತದೆ. ಗುಂಡಿನ ಅಳತೆಯೂ ಬಟ್ಟಲಿನ ಅಳತೆಯೂ ಒಂದೇ ಇರಬೇಕು: ಸುಮಾರು 59 ಮಿಲಿಮೀಟರ್ ಬಟ್ಟಲು 51 ಮಿಲಿಮೀಟರ್ ಗುಂಡಿನ ಮೇಲೂ ಕೂತು ಕೊಂಡಿ ಬಿದ್ದಂತೆ ತೋರುತ್ತದೆ, ಆದರೆ ಮೊದಲ ದೊಡ್ಡ ಉಬ್ಬಿನಲ್ಲಿಯೇ ಮೇಲೆದ್ದು ಕಳಚಿಕೊಳ್ಳುತ್ತದೆ.

ಇನ್ನು ಈ ವಿಷಯದ ತಿರುಳಿಗೆ ಬರಬಹುದು. ಮೂಕಿಯ ಮೇಲೆ ಭಾರ ಕಡಿಮೆಯಿದ್ದಷ್ಟೂ ಎಳೆಯುವ ವಾಹನಕ್ಕೆ ಹಗುರ, ಆದ್ದರಿಂದ ಪ್ರಯಾಣ ಸುರಕ್ಷಿತ ಎಂಬ ನಂಬಿಕೆ ತುಂಬ ವ್ಯಾಪಕವಾಗಿದೆ, ಅಷ್ಟೇ ಅಪಾಯಕಾರಿಯೂ ಆಗಿದೆ. ಎತ್ತಿನ ಗಾಡಿ ಹೂಡಿದವರಿಗೆ ಹಿಂಭಾರದ ಗಾಡಿ ನೊಗವನ್ನೇ ಮೇಲೆತ್ತುತ್ತದೆಂಬುದು ಗೊತ್ತು, ಹಾಗಾಗಿ ಅವರು ತುಸು ಮುಂಭಾರವಿರುವಂತೆಯೇ ಹೇರುತ್ತಾರೆ. ಮೋಟಾರು ವಾಹನದ ವೇಗದಲ್ಲಿ ಹಿಂಭಾರದ ಫಲ ಬೇರೆಯದು, ಹೆಚ್ಚು ಕ್ರೂರವಾದುದು: ಟ್ರೇಲರು ಎಡಬಲಕ್ಕೆ ತೊನೆಯಲಾರಂಭಿಸುತ್ತದೆ, ಪ್ರತಿ ತೊನೆತವೂ ಹಿಂದಿನದಕ್ಕಿಂತ ದೊಡ್ಡದಾಗುತ್ತ ಹೋಗಿ ಕೆಲವೇ ಸೆಕೆಂಡುಗಳಲ್ಲಿ ಎಳೆಯುವ ವಾಹನವನ್ನೂ ತಿರುಗಿಸಿಬಿಡುತ್ತದೆ.

ಇದು ಹೇಗಾಗುತ್ತದೆಂಬುದನ್ನು ನಿಧಾನವಾಗಿ ನೋಡಬೇಕು. ಗಾಳಿಯ ಹೊಡೆತಕ್ಕೋ ಪಕ್ಕದಲ್ಲಿ ಸಾಗಿದ ಲಾರಿಯ ರಭಸಕ್ಕೋ ಟ್ರೇಲರಿನ ಹಿಂಬದಿ ತುಸು ಬಲಕ್ಕೆ ಸರಿದರೆ, ಅದರ ಟೈರುಗಳು ಮುಖ ಮಾಡಿರುವ ದಿಕ್ಕಿಗೂ ನಿಜವಾಗಿ ಸಾಗುತ್ತಿರುವ ದಿಕ್ಕಿಗೂ ನಡುವೆ ಸಣ್ಣದೊಂದು ಕೋನ ಏರ್ಪಡುತ್ತದೆ, ರಬ್ಬರು ಆ ಕೋನಕ್ಕೆ ತಕ್ಕಷ್ಟು ಬಲದಿಂದ ಟ್ರೇಲರನ್ನು ಮರಳಿ ಎಡಕ್ಕೆ ತಳ್ಳುತ್ತದೆ. ಮರಳುವಾಗ ನೇರಕ್ಕೆ ಬಂದು ನಿಲ್ಲದೆ ಆಚೆಗೆ ದಾಟುತ್ತದಾದ್ದರಿಂದ, ತೊನೆತ ತಣಿಯುವುದೋ ಬೆಳೆಯುವುದೋ ಎಂಬುದನ್ನು ನಿರ್ಧರಿಸುವುದು ಟೈರುಗಳ ತಣಿಸುವ ಶಕ್ತಿ. ಅಡ್ಡಕ್ಕೆ ಸರಿಯುವ ವೇಗ ಅಷ್ಟೇ ಇದ್ದು ಮುಂದೆ ಸಾಗುವ ವೇಗ ಇಮ್ಮಡಿಯಾದರೆ ಆ ಸರಿತದಿಂದ ಹುಟ್ಟುವ ಕೋನ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ, ಕೋನದೊಡನೆ ತಣಿಸುವ ಬಲವೂ ಅರ್ಧವಾಗುತ್ತದೆ. ಗಂಟೆಗೆ 70 ಕಿಲೋಮೀಟರಿನಲ್ಲಿ ಸಾಧುವಾಗಿದ್ದ ಟ್ರೇಲರು 100ರಲ್ಲಿ ಏಕಾಏಕಿ ಕೈಮೀರುವುದಕ್ಕೆ ಇದೇ ಕಾರಣ. ಎಳೆಯುವ ವಾಹನ ಮತ್ತು ಟ್ರೇಲರಿನ ಪ್ರತಿ ಜೋಡಿಗೂ ಒಂದು ಎಲ್ಲೆವೇಗವಿದೆ, ಅದರಾಚೆಗೆ ತೊನೆತ ತಾನಾಗಿ ತಣಿಯುವುದೇ ಇಲ್ಲ.

ಈ ಎಲ್ಲೆವೇಗವನ್ನು ಮೇಲಕ್ಕೋ ಕೆಳಕ್ಕೋ ಸರಿಸುವುದು ಹೇರಿಕೆಯ ರೀತಿ. ಭಾರದ ಕೇಂದ್ರ ಆಕ್ಸಲುಗಳಿಗಿಂತ ಮುಂದಿದ್ದರೆ ಟೈರುಗಳು ಅದರ ಬೆನ್ನಹಿಂದೆ ನಿಂತು ಟ್ರೇಲರನ್ನು ನೇರಗೊಳಿಸುತ್ತವೆ; ಕೇಂದ್ರ ಹಿಂದಕ್ಕೆ ಸರಿದರೆ ಹಿಂಬದಿ ಹೊರಕ್ಕೆ ಬೀಸುತ್ತ ಮೂಕಿಯ ಮೂಲಕ ಎಳೆಯುವ ವಾಹನದ ಹಿಂಭಾಗವನ್ನು ವಿರುದ್ಧ ದಿಕ್ಕಿಗೆ ನೂಕುತ್ತದೆ. ಆದ್ದರಿಂದಲೇ ಅಮೆರಿಕದ ರೂಢಿಯಲ್ಲಿ ಟ್ರೇಲರಿನ ಒಟ್ಟು ತೂಕದ ಶೇಕಡಾ 10ರಿಂದ 15ರಷ್ಟು ಮೂಕಿಯ ಮೇಲಿರಬೇಕೆನ್ನುತ್ತಾರೆ. ಮೇಲಿನ ಉದಾಹರಣೆಯಲ್ಲಿ ಒಟ್ಟು ತೂಕ 3,300 ಕಿಲೋ, ಮೂಕಿಯ ಭಾರ 400 ಕಿಲೋ, ಅಂದರೆ ಶೇಕಡಾ 12 ಎಂದಿರಲಿ. ಹಿಚ್ಚಿನಿಂದ ಆಕ್ಸಲುಗಳ ನಡುವಿಗೆ 4 ಮೀಟರ್ ದೂರವಿದ್ದು, ಜೀಪನ್ನು ಕೇವಲ 30 ಸೆಂಟಿಮೀಟರ್ ಹಿಂದೆ ನಿಲ್ಲಿಸಿದರೆ ಸನ್ನೆಯ ಲೆಕ್ಕದಂತೆ ಮೂಕಿಯಿಂದ 180 ಕಿಲೋ ಇಳಿದುಹೋಗಿ ಶೇಕಡಾ 7ಕ್ಕಿಂತಲೂ ಕಡಿಮೆ ಉಳಿಯುತ್ತದೆ. ಒಂದು ಗೇಣಿಗಿಂತ ತುಸು ಹೆಚ್ಚಿನ ಈ ಅಂತರ ಕಣ್ಣಿಗೆ ಕಾಣುವುದೇ ಇಲ್ಲ, ಬದಲಾಗಿ ಪಿಕಪ್ಪಿನ ಹಿಂಬದಿ ಕುಸಿಯದೆ ಸಮನಾಗಿ ನಿಂತು ಎಲ್ಲವೂ ಸರಿಯಿದೆಯೆಂಬ ಭ್ರಮೆ ಹುಟ್ಟಿಸುತ್ತದೆ. ಮೂಕಿಯ ಭಾರವನ್ನು ತೂಗಿ ಸರಿಪಡಿಸಿದ ಮೇಲೆ ಜೀಪಿನ ಮುಂದಿನ ಚಕ್ರಗಳು ನಿಲ್ಲುವ ಜಾಗಕ್ಕೆ ಹಲಗೆಯ ಮೇಲೆ ಬಣ್ಣದ ಗೆರೆ ಎಳೆದಿಡುವುದು ಅತ್ಯಂತ ಅಗ್ಗದ, ಅತ್ಯಂತ ಉಪಯುಕ್ತವಾದ ಸುರಕ್ಷಾ ಕ್ರಮ.

ಮೂಕಿಯ ಭಾರ ಸರಿಯಿದ್ದ ಮಾತ್ರಕ್ಕೆ ಎಲ್ಲವೂ ಮುಗಿಯಲಿಲ್ಲ. ಹಿಂದಿನ ತುದಿಗೆ ಹೆಚ್ಚುವರಿ ಚಕ್ರಗಳನ್ನು ಕಟ್ಟಿ, ಅದಕ್ಕೆ ಪ್ರತಿಯಾಗಿ ಮುಂದಿನ ತುದಿಗೆ ಉಪಕರಣದ ಪೆಟ್ಟಿಗೆ ಇಟ್ಟರೆ ತಕ್ಕಡಿ ಸರಿಹೋಗುತ್ತದೆ, ಆದರೆ ಎರಡೂ ತುದಿಗಳಲ್ಲಿ ಭಾರವಿರುವ ಟ್ರೇಲರು ಒಮ್ಮೆ ತಿರುಗತೊಡಗಿದರೆ ನಿಲ್ಲಿಸುವುದು ಬಹಳ ಕಷ್ಟ. ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದಲ್ಲಿ ಕಾರು ಮತ್ತು ಟ್ರೇಲರ್ ಜೋಡಿಯ ಮೇಲೆ ನಡೆದ ಪ್ರಯೋಗಗಳೂ ಮೂಕಿಯ ಭಾರ, ಆಕ್ಸಲಿನ ಸ್ಥಾನಗಳ ಜೊತೆಗೆ ಈ ತಿರುಗುಜಡತ್ವದ ಮಹತ್ವವನ್ನು ತೋರಿಸಿಕೊಟ್ಟಿವೆ. ಬಿಡಿ ಸಾಮಾನುಗಳೆಲ್ಲ ಆಕ್ಸಲುಗಳ ಹತ್ತಿರವೇ ಇರಬೇಕು. ಇಷ್ಟಾಗಿಯೂ ತೊನೆತ ಶುರುವಾದರೆ ಸ್ಟಿಯರಿಂಗನ್ನು ನೇರಕ್ಕೆ ಹಿಡಿದು, ಆಕ್ಸಿಲರೇಟರಿನಿಂದ ಕಾಲು ತೆಗೆದು, ಟ್ರೇಲರಿನ ಬ್ರೇಕನ್ನಷ್ಟೇ ಕೈಯಿಂದ ಹಾಕಬೇಕು. ತೊನೆತಕ್ಕೆ ಎದುರಾಗಿ ಸ್ಟಿಯರಿಂಗ್ ತಿರುಗಿಸಹೋದರೆ ಅದು ಮತ್ತಷ್ಟು ಬೆಳೆಯುತ್ತದೆ.

ಜೀಪು ತನ್ನ ಗೆರೆಯಿಂದ ಕದಲದಂತೆ ನೋಡಿಕೊಳ್ಳುವುದು ಕಟ್ಟಿನ ಕೆಲಸ. ಅಮೆರಿಕದ ವಾಣಿಜ್ಯ ಸಾಗಣೆಯ ನಿಯಮಗಳ ಪ್ರಕಾರ ಕಟ್ಟು ಮುಂದಕ್ಕೆ ಗುರುತ್ವದ 0.8ರಷ್ಟು, ಹಿಂದಕ್ಕೂ ಪಕ್ಕಕ್ಕೂ 0.5ರಷ್ಟು ಸೆಳೆತವನ್ನು ತಡೆಯಬೇಕು. 2,400 ಕಿಲೋ ಜೀಪಿಗೆ ಮುಂದಿನ ಸೆಳೆತ 1,920 ಕಿಲೋ ಭಾರಕ್ಕೆ ಸಮ, ಅದನ್ನು ತಡೆಯುವುದು ಹಿಂದಕ್ಕೆ ಎಳೆದು ಕಟ್ಟಿದ ಪಟ್ಟಿಗಳು. ಎರಡಂಗುಲದ ಒಳ್ಳೆಯ ರ್‍ಯಾಚೆಟ್ ಪಟ್ಟಿ ಕಡಿಯುವುದು 4,536 ಕಿಲೋ ಸೆಳೆತಕ್ಕಾದರೂ ಬಳಕೆಯ ಮಿತಿ ಅದರ ಮೂರನೆಯ ಒಂದು ಪಾಲು, ಅಂದರೆ 1,512 ಕಿಲೋ ಮಾತ್ರ. ಹಲಗೆಗೆ 45 ಡಿಗ್ರಿ ಕೋನದಲ್ಲಿ ಕಟ್ಟಿದ ಎರಡು ಪಟ್ಟಿಗಳು ಸುಮಾರು 2,140 ಕಿಲೋ ತಡೆಯುತ್ತವೆ. 60 ಡಿಗ್ರಿಗೆ ಕಡಿದಾದರೆ ಅವೇ ಪಟ್ಟಿಗಳ ತಡೆ 1,512ಕ್ಕೆ ಇಳಿದು ಸಾಲದಾಗುತ್ತದೆ.

ಪಟ್ಟಿಯನ್ನು ಚಾಸಿಗೆ ಕಟ್ಟುವವರೇ ಹೆಚ್ಚು. ಆದರೆ ಚಾಸಿ ಸ್ಪ್ರಿಂಗುಗಳ ಮೇಲೆ ತೂಗುತ್ತಿರುವುದರಿಂದ ಟ್ರೇಲರು ಉಬ್ಬು ದಾಟಿದಾಗ ಅದು ಕುಗ್ಗಿ, ಪಟ್ಟಿ ಕ್ಷಣಕಾಲ ಸಡಿಲಗೊಂಡು, ಕೊಕ್ಕೆ ಜಾರಿಬಿಡಬಹುದು. ಜೀಪಿನ ಗಟ್ಟಿ ಆಕ್ಸಲ್ ಕೊಳವೆಗೆ, ಬ್ರೇಕಿನ ನಳಿಗೆಯೂ ತಂತಿಗಳೂ ಅಡಿಗೆ ಸಿಕ್ಕದಂತೆ ನೋಡಿ, ಪಟ್ಟಿ ಸುತ್ತುವುದು ಸರಿಯಾದ ವಿಧಾನ; ಬಿಡಿ ಸಸ್ಪೆನ್ಷನ್ನಿನ ವಾಹನಗಳಿಗೆ ಟೈರನ್ನೇ ಬಿಗಿಯುವ ಪಟ್ಟಿಗಳು ಬೇಕು. ಕಾಡುದಾರಿಯಲ್ಲಿ ಗಾಳಿ ಇಳಿಸಿದ ಟೈರುಗಳಿಗೆ ಕಟ್ಟುವ ಮೊದಲೇ ಗಾಳಿ ತುಂಬಿಸಿ, ಹಲಗೆಯ ಮೇಲಿನ ಕೆಸರನ್ನು ಕೆರೆದು ತೆಗೆಯಬೇಕು, ಏಕೆಂದರೆ ಮೆತ್ತಗಿನ ಟೈರು ವಾಹನವನ್ನು ಅಲುಗಿಸುತ್ತದೆ, ಕೆಸರು ಹಿಡಿತವನ್ನೇ ಕಳೆಯುತ್ತದೆ. ಫೋರ್‌ವೀಲ್ ಡ್ರೈವಿನ ಟ್ರಾನ್ಸ್‌ಫರ್ ಕೇಸು ನ್ಯೂಟ್ರಲ್‌ನಲ್ಲಿದ್ದರೆ ಗೇರನ್ನು ಪಾರ್ಕಿಗೆ ಹಾಕಿಯೂ ಚಕ್ರಗಳು ಸಲೀಸಾಗಿ ಉರುಳುತ್ತವೆಂಬುದನ್ನು ಹಳಬರೂ ಮರೆಯುವುದುಂಟು. ಹೊರಟು ಹತ್ತಿಪ್ಪತ್ತು ಕಿಲೋಮೀಟರ್ ಸಾಗಿದ ಮೇಲೆ ಒಮ್ಮೆ ನಿಲ್ಲಿಸಿ ಪಟ್ಟಿಗಳನ್ನು ಮತ್ತೆ ಬಿಗಿದುಕೊಳ್ಳಬೇಕು.

ಕಾರಿನ ಹಿಂದೆ ಟ್ರೇಲರು ಕಟ್ಟುವ ರೂಢಿ ಕರ್ನಾಟಕದಲ್ಲಿ ವಿರಳವಾದರೂ ಮಂಡ್ಯ, ಬೆಳಗಾವಿ, ಬಾಗಲಕೋಟೆಗಳ ಕಬ್ಬಿನ ಹಂಗಾಮಿನಲ್ಲಿ ಒಂದೇ ಟ್ರ್ಯಾಕ್ಟರಿನ ಹಿಂದೆ ಎರಡು ಟ್ರೇಲರುಗಳು ಸಾಗುವುದು ಎಲ್ಲರೂ ಕಂಡ ನೋಟ. ಅಲ್ಲಿ ವೇಗ ಕಡಿಮೆ, ಆದರೆ ಭಾರ ಹಲವು ಪಟ್ಟು, ಮೊದಲ ಟ್ರೇಲರಿನ ಅಲುಗಾಟ ಎರಡನೆಯದರಲ್ಲಿ ಹಿಗ್ಗುವ ಸಂಭವವೂ ಇದೆ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಒಂದು ಹಂಗಾಮು ಈ ಜೋಡಿಗಳ ಮೂಕಿಯ ಭಾರವನ್ನೂ ಬ್ರೇಕುಗಳನ್ನೂ ಇಳಿಜಾರಿನಲ್ಲಿ ಅವುಗಳ ನಡೆಯನ್ನೂ ಅಳೆದು ನೋಡಬೇಕು. ಅದಕ್ಕೆ ಬೇಕಾದ ವೇ ಬ್ರಿಡ್ಜು ಪ್ರತಿ ಸಕ್ಕರೆ ಕಾರ್ಖಾನೆಯ ಬಾಗಿಲಲ್ಲೇ ಇದೆ.